ಅಪ್ಪಯ್ಯ ಮಾತಾಡದ ಸಿನಿಮಾ

ಹೊಸ ಕಪ್ಪು ಬಟ್ಟೆಗೆ ಒಂದು ವಾಸನೆ ಇರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಗಂಜಿಯೂ ಬಣ್ಣವೂ ಸೇರಿ ಮೂಗಿಗೆ ಸ್ವಲ್ಪ ಖಾರವಾಗಿ ತಾಗುವ ವಾಸನೆ. ಮೊನ್ನೆ ಲಂಗದ ಬಟ್ಟೆ ತರಲೆಂದು ಶಿರಸಿ ಪೇಟೆಗೆ ಹೋದಾಗ ಅಂಗಡಿಯವನು ಕಪ್ಪು ತಾನೊಂದನ್ನು ಫಡಾರನೆ ಬಿಚ್ಚಿ ನನ್ನ ಮುಂದೆ ಹರಡಿದ. ನಾನು ನಿಂತಲ್ಲೇ ಇಪ್ಪತ್ತು ವರ್ಷ ಹಿಂದಕ್ಕೆ ಹೋದೆ. “ಎಷ್ಟು ಮೀಟರ್ ಅಕ್ಕಾ?” ಎಂದು ಅವನು ಕೇಳಿಯೇ ಕೇಳಿದನಂತೆ. ನಾನು ಸುಮ್ಮನೆ ನಗುತ್ತಿದ್ದೆನಂತೆ. ಕೊನೆಗೆ ಏನನ್ನೂ ಕೊಳ್ಳದೆ ಹೊರಬಿದ್ದು ವಸುಧೆಗೆ ಫೋನ್ ಮಾಡಿದೆ.

ವಸುಧೆ ನನ್ನ ಹಾಸ್ಟೆಲ್ ಗೆಳತಿ, ಸಿದ್ದಾಪುರದ ಕಡೆಯವಳು. ಬಿ.ಎಡ್. ಮಾಡಿ ಟೀಚರಾಗುತ್ತಾಳೆಂದು ಮನೆಯವರೆಲ್ಲ ನಿಶ್ಚಿಂತೆಯಿಂದಿದ್ದಾಗ ಬಡೋದೆಗೆ ಹೋಗಿ ಚಿತ್ರಕಲೆ ಕಲಿತಳು. ಅವಳ ಅಪ್ಪ, ನಾನು ಅನಂತ ಮಾವ ಎಂದು ಕರೆಯುತ್ತಿದ್ದವರು, ಹೈಸ್ಕೂಲ್ ಮಾಸ್ತರರು. ಅದಕ್ಕಿಂತ ಹೆಚ್ಚಾಗಿ ತಾಳಮದ್ದಲೆಯ ಅರ್ಥಧಾರಿ. ತಾಳಮದ್ದಲೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಒಂದು ಪದ ಹಾಡಿ ನಿಲ್ಲಿಸಿದರೆ ಇವರು ಕುಳಿತಲ್ಲೇ ಅದನ್ನು ಮಾತಿನಲ್ಲಿ ಬೆಳೆಸಬೇಕು. ಆ ಮಾತಿಗೇ ‘ಅರ್ಥ’ ಎನ್ನುವುದು. ಅನಂತ ಮಾವ ಬೆಳೆಸಿದ ಅರ್ಥದ ನಡುವೆ ಭಾಗವತರು ಹೊರಗೆ ಹೋಗಿ ಕವಳ ಹಾಕಿ, ಉಗುಳಿ, ಬಾಯಿ ತೊಳೆದು ಬಂದರೂ ಮಾವ ಇನ್ನೂ ಎರಡನೇ ಸಾಲಿನಲ್ಲೇ ಇರುತ್ತಿದ್ದರು.

ಇಂಥ ಮನುಷ್ಯ ಬಡೋದೆ ಬೇಡವೆಂದು ಮಗಳೆದುರು ಒಂದು ಸಂಜೆ ಪೂರ್ತಿ ವಾದಿಸಿದರು. ಮಗಳು ಒಂದಕ್ಕೂ ಉತ್ತರ ಕೊಡಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದಳು. ಎದುರಾಳಿ ಉತ್ತರವನ್ನೇ ಕೊಡದೆ ಎದ್ದುಹೋದದ್ದು ಮಾವನ ಅನುಭವದಲ್ಲಿ ಅದೇ ಮೊದಲು. ಅಂದಿನಿಂದ ಇಬ್ಬರ ನಡುವಿನ ಮಾತೆಲ್ಲ ವಸುಧೆಯ ಆಯಿಯ, ಅಂದರೆ ತಾಯಿಯ, ಮೂಲಕ. ಒಂದೇ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತೂ ಮಾವ ಆಯಿಗೆ, “ಅದರ ಹತ್ರ ಹೇಳು, ಉಪ್ಪಿನಕಾಯಿ ಆಚೆ ಕೊಡಲೆ” ಎನ್ನುವಷ್ಟು.

ಓದು ಮುಗಿಸಿ ಬಂದ ವಸುಧೆ ಶಿರಸಿಯಲ್ಲಿ ಪ್ರದರ್ಶನ ಮಾಡುತ್ತೇನೆಂದಳು. ಸಿಕ್ಕಿದ್ದು ಅಂಗಡಿ ಸಾಲಿನ ಮೇಲಿನ ಒಂದು ಹಾಲ್. ವರ್ಷವಿಡೀ ಅಲ್ಲಿ ಸೀರೆಗಳ ರಿಡಕ್ಷನ್ ಸೇಲ್ ನಡೆಯುತ್ತಿದ್ದುದರಿಂದ ಮೊದಲ ದಿನ ಬಂದವರಲ್ಲಿ ಹೆಚ್ಚಿನವರು ಹೆಂಗಸರು. ಚಿತ್ರಗಳ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, “ಇದರಲ್ಲಿ ಬೇರೆ ಕಲರ್ ಇಲ್ವಾ?” ಎಂದು ಕೇಳಿ ಹೋದರು.

ಹಾಲ್‌ನ ಹಿಂದಿನ ಕೋಣೆಗೆ ಕಪ್ಪು ಬಟ್ಟೆ ಕಟ್ಟಿ ಕತ್ತಲೆ ಮಾಡಿದ್ದೆವು. ಅಲ್ಲಿ ವಸುಧೆಯ ಸಿನಿಮಾ. ಬಾಗಿಲು ಕಾಯುವ ಕೆಲಸ ನನ್ನದು. ಸೊಸೈಟಿಯ ಗುಮಾಸ್ತೆ ನಾನು, ರಜೆ ಹಾಕಿ ಬಂದು ಖಾದಿ ಕುರ್ತಾ ತೊಟ್ಟು, ಕೇಳಿದವರಿಗೆಲ್ಲ “ಇದು ಕಾಲದ ಬಗ್ಗೆ” ಎಂದು ಗಂಭೀರವಾಗಿ ಹೇಳುತ್ತಿದ್ದೆ. ವಸುಧೆ ಕಲಿಸಿಕೊಟ್ಟ ವಾಕ್ಯ ಅದು. ಅದರ ಮುಂದಿನ ವಾಕ್ಯವನ್ನು ಅವಳು ಕಲಿಸಿರಲಿಲ್ಲ, ಹಾಗಾಗಿ ಯಾರಾದರೂ “ಅಂದರೆ?” ಎಂದ ಕೂಡಲೇ ನನಗೆ ಪ್ರೊಜೆಕ್ಟರಿನ ವೈರು ಸರಿಮಾಡುವ ತುರ್ತು ಕೆಲಸ ಬರುತ್ತಿತ್ತು.

ಸಿನಿಮಾದಲ್ಲಿ ಇದ್ದವರು ಅನಂತ ಮಾವ ಒಬ್ಬರೇ. ಕುರ್ಚಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಾರೆ. ಅಷ್ಟೇ. ಸುಮಾರು ಇಪ್ಪತ್ತು ನಿಮಿಷ ಒಂದು ಮಾತಿಲ್ಲ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರು. ತೆಗೆದದ್ದು ಹೇಗೆಂದರೆ, ವಸುಧೆ ಕ್ಯಾಮೆರಾ ನಿಲ್ಲಿಸಿ, “ಅಪ್ಪಯ್ಯಾ, ಒಂಚೂರು ಇಲ್ಲಿ ಕೂತ್ಗ, ಅಲ್ಲಾಡಡ” ಎಂದಿದ್ದಳು. ಎಷ್ಟೋ ವರ್ಷಗಳ ಮೇಲೆ ನೇರವಾಗಿ ಆಡಿದ ಮಾತು. ಮಾವ ಫೋಟೋ ಎಂದುಕೊಂಡು, ಕೂದಲು ನೀವಿಕೊಂಡು ಕೂತರು. ಕ್ಲಿಕ್ ಎನ್ನುವ ಸದ್ದಿಗೆ ಕಾದರು, ಕಾದೇ ಕಾದರು.

ಎರಡನೇ ದಿನ ಎಕ್ಕಂಬಿಯಿಂದ ಸಂತೆಗೆ ಬಂದಿದ್ದ ರೈತರೊಬ್ಬರು ಕಾಲು ನೋವೆಂದು ಒಳಗೆ ಕೂತವರು ಹೊರಗೆ ಬಂದು ಕೇಳಿದರು: “ಅಕ್ಕಾರ, ಸಿನಿಮಾ ಯಾವಾಗ ಸುರು ಆಕ್ಕೈತ್ರಿ?”

“ಆಗಲೇ ಶುರುವಾಗಿದೆ.”

“ಅಲ್ರೀ, ಆ ಹಿರೇರು ಇನ್ನೂ ಬಾಯೇ ಬಿಟ್ಟಿಲ್ಲಲ್ರೀ!”

“ಇದು ಕಾಲದ ಬಗ್ಗೆ,” ಎಂದೆ. ಅವರು ಗೋಡೆಯ ಗಡಿಯಾರ ನೋಡಿ, ಒಳಗೆ ಹೋಗಿ ಮತ್ತೆ ಕೂತರು. ಮರುದಿನ, ಪ್ರದರ್ಶನದ ಕೊನೆಯ ದಿನವೂ ಬಂದರು. “ಏನರ ಆದ್ರ ನೋಡೂಣಂತ,” ಎಂದರು.

ಆ ಕೊನೆಯ ದಿನ ಮಧ್ಯಾಹ್ನ ವಸುಧೆ ಊಟಕ್ಕೆ ಹೋಗಿದ್ದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರು ಅನಂತ ಮಾವ. ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಕಾಲೇಜಿನ ಹುಡುಗಿಯರು ಕಿಸಕಿಸ ನಗುತ್ತಿದ್ದರು. ಆ ನಗು ಇವರನ್ನೇ ನೋಡಿ ಬರುತ್ತಿದ್ದ ನಗು.

“ಸಿನಿಮಾ ಇದ್ದಡ ಅಲ್ದನೆ ಕೂಸೆ? ಆನೂ ನೋಡ್ತೆ.”

“ಮಾವಾ, ಒಳಗೆ ರಾಶಿ ಸೆಕೆ,” ಎಂದೆ. ಅದಕ್ಕಿಂತ ಒಳ್ಳೆಯ ಸುಳ್ಳು ಹೊಳೆಯಲಿಲ್ಲ. ಅವರು ಪರದೆ ಸರಿಸಿ ಹೋಗಿಯೇ ಬಿಟ್ಟರು. ನಾನೂ ಹಿಂದೆ ಓಡಿದೆ.

ಗೋಡೆಯ ತುಂಬ ತಮ್ಮದೇ ಮುಖ ಕಂಡು ಮಾವ ನಿಂತರು. ಆಮೇಲೆ ಸದ್ದಿಲ್ಲದೆ ಹಿಂದಿನ ಬೆಂಚಿನಲ್ಲಿ ಕೂತರು. ಗೋಡೆಯ ಮೇಲಿನ ಮಾವನ ಮೂಗಿನ ಮೇಲೆ ಸೊಳ್ಳೆಯೊಂದು ಬಂದು ಕೂತಿತು. ಅವರು ಅಲ್ಲಾಡಲಿಲ್ಲ. ಹುಡುಗಿಯರು ನಕ್ಕರು. ಒಬ್ಬಳು, “ಇದರ ಅರ್ಥವೇ ಆಗ್ತಿಲ್ಲ ಮಾರಾಯ್ತಿ,” ಎಂದಳು.

“ಅರ್ಥ ಬೇಕನೆ?” ಎಂದಿತು ಕತ್ತಲೆ.

ಮಾವ ಎದ್ದು ಗೋಡೆಯ ಪಕ್ಕಕ್ಕೆ ಹೋಗಿ ನಿಂತರು. ಗಂಟಲು ಸರಿಮಾಡಿಕೊಂಡರು. ಆ ಕೆಮ್ಮನ್ನು ನಾನು ಎಷ್ಟೋ ತಾಳಮದ್ದಲೆಗಳಲ್ಲಿ ಕೇಳಿದ್ದೆ. ಅದಾದ ಮೇಲೆ ಅವರನ್ನು ತಡೆಯುವುದು ಯಾರಿಂದಲೂ ಆಗದು.

“ಎಲೈ ಸೊಳ್ಳೆಯೇ! ಕೈ ಎತ್ತಿದರೆ ನಿನ್ನ ಪ್ರಾಣ ಹೋದೀತು. ಆದರೆ ಅದರೊಂದಿಗೆ ನನ್ನ ಮಗಳ ಫೋಟೋವೂ ಕೆಟ್ಟೀತು. ಆದುದರಿಂದ ಬದುಕಿಕೋ! ಅತಿಥಿಯಾಗಿ ಬಂದಿರುವೆ, ಹೊಟ್ಟೆ ತುಂಬ ಕುಡಿ, ಹೊರಡು. ನಿನ್ನ ಬಳಗದವರಿಗೆ ಮಾತ್ರ ವಿಳಾಸ ಹೇಳಬೇಡ!”

ಕೋಣೆ ಬಿದ್ದುಹೋಗುವಂತೆ ನಗು. ಕೆಳಗಿನ ಅಂಗಡಿಯವರು ಹತ್ತಿ ಬಂದರು. ಗೋಡೆಯ ಮೇಲಿನ ಮಾವ ಹುಬ್ಬು ಕುಣಿಸಿದರೆ ಈ ಮಾವ ಅದಕ್ಕೊಂದು ಅರ್ಥ ಹೇಳಿದರು. ಅವರು ಎಂಜಲು ನುಂಗಿದರೆ ಇವರು ಅಂದು ಬೆಳಿಗ್ಗೆ ತಿಂದ ತೆಳ್ಳೇವು ದೋಸೆಯ ವರ್ಣನೆಗೆ ತೊಡಗಿದರು.

ಅಷ್ಟರಲ್ಲಿ ವಸುಧೆ ಜನರನ್ನು ಸರಿಸಿಕೊಂಡು ಒಳಗೆ ಬಂದಳು. ಅವಳ ಮುಖ ಕೆಂಪೇರಿತ್ತು. “ಅಪ್ಪಯ್ಯಾ, ಸುಮ್ನಿರು! ಅದು ಮಾತಿಲ್ಲದ್ದ ಸಿನಿಮಾ!”

“ಬಾಯಲ್ಲಿ ಇಲ್ಲೆ, ಅಷ್ಟೆ. ಒಳಗೆ ಇದ್ದಿತ್ತು,” ಎಂದರು ಮಾವ.

ಗೋಡೆಯ ಮೇಲೆ ಆಗ ಕೊನೆಯ ಭಾಗ. ಅಲ್ಲಿ ಮಾವನ ಕಣ್ಣು ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ಹೊರಳಿ, ಅಲ್ಲಿಯೇ ನಿಲ್ಲುತ್ತದೆ. ಬಾಗಿಲ ಬಳಿ ಇಷ್ಟು ದಿನ ಕೂತ ನನಗೆ, ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದವಳು ವಸುಧೆ ಎಂದು ಹೊಳೆದದ್ದೇ ಆಗ.

ಮಾವನ ದನಿಯಿಂದ ತಾಳಮದ್ದಲೆ ಇಳಿದುಹೋಯಿತು. “ಇದು ಫೋಟೋ ಅಲ್ಲ ಹೇಳಿ ಇಲ್ಲಿ ಗೊತ್ತಾತು,” ಎಂದರು.

“ಗೊತ್ತಾದ ಮೇಲೂ ಎಂತಕ್ಕೆ ಕೂತಿದ್ದೆ?” ಎಂದಳು ವಸುಧೆ.

“ಎದ್ರೆ ನೀನು ಮತ್ತೆ ಆಯಿ ಹತ್ರನೇ ಮಾತಾಡ್ತೆ ಹೇಳಿ.”

ವಸುಧೆ ಸೆರಗು ಹುಡುಕಿದಳು. ಜೀನ್ಸ್ ಹಾಕಿದ್ದಳು ಪಾಪ, ನನ್ನ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು. ಸಿನಿಮಾ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಎಕ್ಕಂಬಿಯವರು ಮೆತ್ತಗೆ ಎಚ್ಚರಿಸಿದರು: “ಹಿರೇರ, ಇನ್ನೇನ್ ಸೊಳ್ಳಿ ಬರೂ ಹೊತ್ತಾತ್ರೀ.”

ಮಾವ ಮಗಳ ಮುಖ ನೋಡಿದರು. ಮಗಳು ಬೆಂಚಿನ ಮೇಲೆ ಕೂತು, “ಹೇಳು,” ಎಂದಳು. ಆ ಸಂಜೆ ಬಾಗಿಲು ಹಾಕುವವರೆಗೂ ಒಂದು ಸಲ ಹೇಳಿದ ಅರ್ಥವನ್ನು ಮಾವ ಇನ್ನೊಂದು ಸಲ ಹೇಳಲಿಲ್ಲ.

ಮರುವಾರ ಸಿದ್ದಾಪುರದ ಮನೆಯಲ್ಲಿ ಮಾವ ಹೊಸದೊಂದು ಹಟ ಹಿಡಿದರಂತೆ: “ಈಗ ನೀನು ಕೂತ್ಗ. ಆನು ಕ್ಯಾಮೆರಾ ಹಿಂದೆ ನಿಂತ್ಗತ್ತೆ.” ಹಾಗೆ ತೆಗೆದ ಸಿನಿಮಾವನ್ನು ವಸುಧೆ ಯಾವ ಪ್ರದರ್ಶನಕ್ಕೂ ಕೊಟ್ಟಿರಲಿಲ್ಲ. ಮೊನ್ನೆ ಬಟ್ಟೆ ಅಂಗಡಿಯ ಹೊರಗಿನಿಂದ ನಾನು ಮಾಡಿದ ಫೋನಿಗೆ, “ಭಾನುವಾರ ಬಾ, ತೋರಿಸ್ತೆ,” ಎಂದಳು.

ಅವಳೀಗ ಯಲ್ಲಾಪುರದಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಾಳೆ. ಮಾವ ಅವಳ ಜೊತೆಗೇ ಇದ್ದಾರೆ. ಮಾತು ಹಾಗೆಯೇ ಇದೆ, ಕಿವಿ ಮುಕ್ಕಾಲುಪಾಲು ಹೋಗಿದೆ. ಭಾನುವಾರ ನಾನು ಹೋದಾಗ ಟಿ.ವಿ.ಯಲ್ಲಿ ಇಪ್ಪತ್ತು ವರ್ಷ ಹಿಂದಿನ ವಸುಧೆ ಕೂತಿದ್ದಳು. ಕ್ಯಾಮೆರಾ ಹಿಂದಿನಿಂದ ಮಾವನ ದನಿ ನಿಲ್ಲದೆ ಹರಿಯುತ್ತಿತ್ತು. ಬಡೋದೆಗೆ ಹೋದ ಬಸ್ಸಿಗೆ ಅರ್ಥ, ಆ ಬಸ್ಸಿನ ಡ್ರೈವರನಿಗೆ ಅರ್ಥ, ಅಂದು ರಾತ್ರಿ ಯಾರೂ ಉಣ್ಣದೆ ಉಳಿದ ಸಾರಿಗೆ ಅರ್ಥ. ಬಿಗಿಯಾಗಿ ಕೂತಿದ್ದ ಹುಡುಗಿ ತುಟಿ ಕಚ್ಚಿ, ತಡೆಯಲಾಗದೆ, ಕೊನೆಗೆ ಕುರ್ಚಿಯಿಂದ ಜಾರುವಷ್ಟು ನಗತೊಡಗಿದಳು.

ಮಾವ ಟಿ.ವಿ.ಯನ್ನೇ ದಿಟ್ಟಿಸಿ, “ಎಂತಕ್ಕೆ ಈ ನಮನಿ ನಗ್ತಾ ಇದ್ದು ಕೂಸು?” ಎಂದರು.

ವಸುಧೆ ನನ್ನ ಕಡೆ ನೋಡಿದಳು. ಈಗ ಸರಿಮಾಡಲು ಯಾವ ವೈರೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಅವರ ಕಿವಿಗೆ ಬಾಯಿ ಹಚ್ಚಿ, ಬಸ್ಸಿನಿಂದ ಹಿಡಿದು ಸಾರಿನವರೆಗೆ ಎಲ್ಲವನ್ನೂ ಕಿರುಚಿ ಹೇಳಿದೆ. ಉತ್ಸಾಹದಲ್ಲಿ ನನ್ನದೂ ಒಂದೆರಡು ಮಾತು ಸೇರಿದವು. ಮಾವ ಕಣ್ಣು ಮುಚ್ಚಿ, ಪಳಗಿದ ವಿಮರ್ಶಕರ ಹಾಗೆ ಕೊನೆಯವರೆಗೂ ಕೇಳಿದರು.

“ಚೊಲೋ ಮಾತಾಡ್ತ ಮನಷ,” ಎಂದರು ಆಮೇಲೆ. “ಆದ್ರೆ ರಾಶಿ ಉದ್ದ ಮಾಡ್ತ.”