ಹುಗ್ಗಿ ಬೇಯುವ ತನಕ ಒಂದು ಪವಾಡ

ನಮ್ಮ ಗಂಗಚಿಕ್ಕಮ್ಮ ಪಾರ್ವತಿ ಆಗಿಬಿಟ್ಟಿದ್ದಾಳೆ ಅನ್ನುವ ಸುದ್ದಿ ನನಗೆ ಹೋದ ವಾರ ಫೋನಿನಲ್ಲಿ ಬಂತು.

ಹೆಸರು ಬದಲಾಯಿಸಿಕೊಂಡಳು ಅಂದುಕೊಳ್ಳಬೇಡಿ. ಚಿಕ್ಕಮ್ಮ ತೀರಿಕೊಂಡು ಎಷ್ಟೋ ಕಾಲವಾಯಿತು. ನಾನು ಹೇಳುತ್ತಿರುವುದು ಕೈಲಾಸದ ಪಾರ್ವತಿ, ಶಿವನ ಹೆಂಡತಿ, ಆ ಪಾರ್ವತಿ. ಪುಸ್ತಕದಲ್ಲೇ ಪ್ರಿಂಟ್ ಆಗಿದೆಯಂತೆ. ಬದುಕಿದ್ದಾಗ ಹಬ್ಬದ ದಿನ ಅಡುಗೆಮನೆ ಬಾಗಿಲು ದಾಟಲೂ ಸಂಕೋಚಪಡುತ್ತಿದ್ದವಳು. ಈಗ ನೋಡಿ, ಎಂಥ ಪ್ರಮೋಷನ್!

ಫೋನ್ ಮಾಡಿದವಳು ಸವಿತಾ, ನನ್ನ ತವರೂರಿನ ರುದ್ರಪ್ಪ ಮೇಷ್ಟ್ರ ಸೊಸೆ. ಊರಿರುವುದು ತಾಳಗುಂದದ ಮಗ್ಗುಲಿಗೆ. ಸುತ್ತ ಮೆಕ್ಕೆಜೋಳದ ಹೊಲ, ನಡುವೆ ಛತ್ರಿ ಅಜ್ಜನ ಗದ್ದುಗೆ. ಶ್ರಾವಣ ಮಾಸ ಪೂರ್ತಿ ಅಲ್ಲಿ ಸಂಜೆ ಆ ಅಜ್ಜನದೇ ಪುರಾಣ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಕೊನೆಗೆ ಎಲ್ಲರಿಗೂ ಗೋಧಿ ಹುಗ್ಗಿ. ಪದ್ಯ ಓದುತ್ತಿದ್ದವರು ರುದ್ರಪ್ಪ ಮೇಷ್ಟ್ರು. ಈ ವರ್ಷ ಗಂಟಲಿನ ಆಪರೇಷನ್ ಆಗಿ ಅವರ ದನಿಯೇ ಹೋಗಿದೆ. ಹೋಗುವುದಕ್ಕೆ ಮುಂಚೆ ಅಷ್ಟನ್ನೂ ಸೊಸೆಗೆ ಕಲಿಸಿದ್ದಾರೆ. ರಾಗ, ಎಳೆತ, ಉಸಿರು ತೆಗೆದುಕೊಳ್ಳುವ ಜಾಗ ಸಮೇತ.

"ಆದ್ರೆ ಓದಂಗಿಲ್ಲ ಅಂತಾರ್ರೀ ಆಂಟಿ" ಅಂದಳು ಸವಿತಾ. "ಗಂಡ ಇಲ್ದೋಳು ಗದ್ದುಗೆ ಮುಂದೆ ಕುಂತು ಪುರಾಣ ಓದಿದ್ದು ನಮ್ಮೂರಾಗೆ ಇಲ್ವಂತೆ."

(ಅವಳ ಗಂಡ ಹೋಗಿದ್ದು ಬೈಕ್ ಆಕ್ಸಿಡೆಂಟಿನಲ್ಲಿ. ಅದರಲ್ಲಿ ಇವಳ ಅಪರಾಧ ಏನು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.)

"ಇಲ್ಲದೆ ಏನೇ? ನಮ್ಮ ಗಂಗಚಿಕ್ಕಮ್ಮ ವಿಧವೆ ಆಗಿದ್ದಾಗಲೇ ಓದಿದ್ದಳು. ನಾನೇ ಕಣ್ಣಾರೆ ನೋಡಿದೀನಿ."

"ನಾನೂ ಹಂಗೇ ಅಂದೆ ಆಂಟಿ. ಅದು ಗಂಗವ್ವ ಅಲ್ಲ, ಆಕಿ ರೂಪದಾಗೆ ಬಂದಿದ್ದು ಸಾಕ್ಷಾತ್ ಪಾರ್ವತಿ, ಪುರಾಣದಾಗೇ ಐತಿ ನೋಡು ಅಂದ್ರು."

ನಾಳೆಯೇ ಬರ್ತೀನಿ ಅಂದು ಫೋನಿಟ್ಟೆ. ಕಾನ್ವೆಂಟ್ ಹಾಸ್ಟೆಲ್‌ನಲ್ಲಿ ಕಲಿತವಳಾದರೂ ಆ ಸಂಜೆ ನಾನು ಊರಿನಲ್ಲೇ ಇದ್ದೆನಲ್ಲ!

ಛತ್ರಿ ಅಜ್ಜನನ್ನು ಕಂಡವರು ಈಗ ಊರಿನಲ್ಲಿ ಹೆಚ್ಚು ಜನ ಉಳಿದಿಲ್ಲ. ನಾನು ಕಂಡ ಅಜ್ಜ ಕುಳ್ಳಗಿದ್ದರು. ಮಂಡಕ್ಕಿ-ಮೆಣಸಿನಕಾಯಿ ಅಂದರೆ ಪ್ರಾಣ. ಕೈಯಲ್ಲಿ ಸದಾ ಒಂದು ಕರಿ ಛತ್ರಿ, ಶಿರಾಳಕೊಪ್ಪದ ಸಂತೆಯಲ್ಲಿ ಕೊಂಡದ್ದು. ಮುರಿದ ಕಡ್ಡಿಗೆ ನೂಲು ಸುತ್ತಿದ್ದರು. ಬಿಸಿಲಿಗೂ ಅದೇ, ಮಳೆಗೂ ಅದೇ, ನಾಯಿ ಓಡಿಸುವುದಕ್ಕೂ ಅದೇ. ರಜೆಗೆ ಬಂದಾಗ ನನ್ನ ಬಾಯಿಂದ ಇಂಗ್ಲಿಷ್ ಪದ್ಯ ಹೇಳಿಸಿ, ಒಂದಕ್ಷರ ಅರ್ಥವಾಗದಿದ್ದರೂ ತಲೆದೂಗುತ್ತಿದ್ದರು. "ನಿನ್ನ ಇಂಗ್ಲಿಷ್‌ನಾಗೂ ಮಳಿ ಬರ್ತೈತೇನವ್ವ?" ಅಂತ ಒಮ್ಮೆ ಕೇಳಿದ್ದರು. ಬರುತ್ತೆ ಅಂದೆ. "ಹಂಗಾದ್ರೆ ಒಳ್ಳೆ ಭಾಷೆ ಬಿಡು" ಅಂದರು.

ಆ ಶ್ರಾವಣದಲ್ಲಿ ನನಗೆ ಜ್ವರ ಬಂದು ಹಾಸ್ಟೆಲ್‌ನಿಂದ ಮನೆಗೆ ಕಳಿಸಿದ್ದರು. ಒಂದು ಸಂಜೆ ಅಜ್ಜನ ಮಠದಲ್ಲಿ ಪುರಾಣಕ್ಕೆ ಜನ ಸೇರಿದ್ದರು, ಜೋರು ಮಳೆ. ಪುರಾಣ ಓದುವವರು ಬರಲೇ ಇಲ್ಲ. (ಆಗ ಓದುತ್ತಿದ್ದದ್ದು ಹಿಂದಿನ ಶರಣರ ಪುರಾಣ. ಅಜ್ಜನ ಪುರಾಣ ಇನ್ನೂ ಹುಟ್ಟಿರಲಿಲ್ಲ, ಅಜ್ಜ ಇನ್ನೂ ಬದುಕಿದ್ದರಲ್ಲ!) ಜನ ಕಾದು ಕಾದು ಆಕಳಿಸತೊಡಗಿದರು. ಅಜ್ಜ ಅಡುಗೆಮನೆ ಕಡೆ ತಿರುಗಿ ಕೂಗಿದರು. "ಗಂಗವ್ವಾ, ದಿನಾ ಬಾಗ್ಲ ಹಿಂದ್ ನಿಂತು ಓದೋರಿಗಿಂತ ಮೊದ್ಲೇ ಗುನುಗ್ತೀಯಲ್ಲ, ಬಾ ಇಲ್ಲಿ. ಇವತ್ತು ಮುಂದೆ ಕುಂತು ಓದು."

ಸಭೆಯಲ್ಲಿ ಗುಸುಗುಸು. ನಾಲ್ಕಾರು ಜನ ಟವೆಲ್ ಕೊಡವಿ ಎದ್ದರು. ಅಜ್ಜ ತಣ್ಣಗೆ ಹೇಳಿದರು. "ಹೋಗೋರು ಹೋಗ್ರಪ್ಪ. ಹುಗ್ಗಿ ಇನ್ನೂ ಬೆಂದಿಲ್ಲ, ಬರೇ ಹೊಟ್ಟೀಲಿ ಹೋಗ್ಬೇಕಾಗ್ತೈತಿ ನೋಡ್ರಿ." ಎದ್ದವರು ಕೂತರು.

ಚಿಕ್ಕಮ್ಮ ಓದಲು ಕೂತಳು. ಹೆಂಚಿನ ಸಂದಿಯಿಂದ ಸರಿಯಾಗಿ ಪುಸ್ತಕದ ಮೇಲೇ ತಟಪಟ ಸೋರತೊಡಗಿತು. ಅಜ್ಜ ಎದ್ದು ಬಂದು, ಛತ್ರಿ ಬಿಚ್ಚಿ, ಅವಳ ತಲೆಯ ಮೇಲೆ ಹಿಡಿದು ನಿಂತರು. ಓದು ಮುಗಿಯುವ ತನಕ ನಿಂತೇ ಇದ್ದರು. ಕೈ ಸೋತಾಗ ಎಡಗೈಗೆ, ಅದು ಸೋತಾಗ ಮತ್ತೆ ಬಲಗೈಗೆ. ಊರೆಲ್ಲ ಕಾಲಿಗೆ ಬೀಳುವ ಒಬ್ಬ ಮುದುಕ, ಎದುರಿಗೆ ಬಂದರೆ ಅಪಶಕುನ ಅಂತ ಊರು ಅನ್ನುವ ಒಬ್ಬ ಹೆಂಗಸಿಗೆ ಛತ್ರಿ ಹಿಡಿದು ನಿಂತದ್ದು.

ಅಷ್ಟೇ ನಡೆದದ್ದು. ಅಷ್ಟು ಸಾಲದೇ?

ಸಾಲಲಿಲ್ಲ. ಸವಿತಾ ಫೋನ್ ಮಾಡಿದ ಮರುದಿನ ನಾನು ಸೊರಬದಲ್ಲಿ ಬಸ್ ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು, ಮೊದಲು ಹೋದದ್ದು ಶೇಖರಪ್ಪನ ಗೊಬ್ಬರದ ಅಂಗಡಿಗೆ. ಗದ್ದುಗೆ ಕಮಿಟಿಗೆ ಸೆಕ್ರೆಟರಿ, ಪುರಾಣಕ್ಕೆ ಅರ್ಥ ಹೇಳುವವನೂ ಅವನೇ. ವರಸೆಯಲ್ಲಿ ನನಗೆ ಅಳಿಯ ಆಗಬೇಕು. ಒಳ್ಳೆಯ ಮನುಷ್ಯ, ಅದೇ ಪ್ರಾಬ್ಲಮ್. ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು.

"ಬರ್ರೀ ಅತ್ತೆ, ಕುಂದ್ರಿ, ಟೀ ತರಸ್ತೀನಿ. ಇವತ್ತು ಸಂಜೆ ಸ್ಟೇಜ್ ಮೇಲೆ ನಿಮಗೊಂದು ಶಾಲು ಹೊದಿಸ್ತೀವಿ. ಅಜ್ಜಾರನ್ನ ಕಂಡೋರು ನೀವು."

"ಶಾಲು ಇರಲಿ ಶೇಖರಪ್ಪ. ನನ್ನ ಚಿಕ್ಕಮ್ಮ ಯಾವಾಗ ಪಾರ್ವತಿ ಆದಳು?"

ಅವನು ನಕ್ಕ. "ಅತ್ತೆ, ನೀವೇ ಯೋಚ್ನೆ ಮಾಡ್ರಿ. ಅಜ್ಜಾರ ಕೈಯಾಗಿನ ಛತ್ರಿ ಏಳು ಹೆಡೆ ಸರ್ಪ ಆಗಿ ನೆರಳು ಕೊಡ್ತು. ಸರ್ಪ ನೆರಳು ಕೊಟ್ಟ ಮ್ಯಾಲೆ, ಕೆಳಗೆ ಕುಂತೋಳು ಸಾಮಾನ್ಯ ಹೆಂಗ್ಸು ಆಗೋಕೆ ಆಗ್ತದಾ?"

ಲಾಜಿಕ್ ನೋಡಿ! ಕಾನ್ವೆಂಟ್‌ನಲ್ಲಿ ಜಾಮೆಟ್ರಿ ಕಲಿಸಿದ ಸಿಸ್ಟರ್ ಕೂಡ ಇಷ್ಟು ಚೆನ್ನಾಗಿ ಪ್ರೂವ್ ಮಾಡುತ್ತಿರಲಿಲ್ಲ.

"ಛತ್ರಿ ಸರ್ಪ ಆಗಿದ್ದನ್ನು ಯಾರು ನೋಡಿದರು?"

"ನೀವು ಇಂಗ್ಲಿಷ್ ಸಾಲೀಲಿ ಓದಿದೋರು ಅತ್ತೆ. ನಿಮಗೆ ನಂಬಿಕೆ ಸ್ವಲ್ಪ ಕಮ್ಮಿ."

ಇಂಗ್ಲಿಷ್ ಶಾಲೆಯಲ್ಲಿ ನಂಬಿಕೆ ಕಮ್ಮಿಯೇ? ಅಯ್ಯೋ, ಅಲ್ಲಿ ನಾವು ನಂಬಿದಷ್ಟು ಯಾರೂ ನಂಬಿರಲಿಕ್ಕಿಲ್ಲ. ನಮ್ಮ ಮದರ್ ಸುಪೀರಿಯರ್ ನಿದ್ದೆಯನ್ನೇ ಮಾಡುವುದಿಲ್ಲ, ಅವರ ಕಾಲು ನೆಲಕ್ಕೆ ತಾಗುವುದಿಲ್ಲ ಅಂತ ಇಡೀ ಡಾರ್ಮಿಟರಿ ನಂಬಿತ್ತು. ಉದ್ದನೆಯ ಬಿಳಿ ಗೌನಿನಲ್ಲಿ ಕಾಲೇ ಕಾಣುತ್ತಿರಲಿಲ್ಲ, ಇನ್ನೇನು! ಒಂದು ಮಧ್ಯಾಹ್ನ ಅವರು ತೋಟದ ಬೆಂಚಿನ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುವುದನ್ನು ಕಂಡೆ. ಹಳೆಯ ಚಪ್ಪಲಿ ಪಕ್ಕದಲ್ಲಿತ್ತು, ಹಿಮ್ಮಡಿ ಒಡೆದಿತ್ತು. ಗೆಳತಿಯರು ನಂಬಲಿಲ್ಲ. "ಅವರು ಪ್ರೇಯರ್‌ನಲ್ಲಿದ್ದರು" ಅಂದರು. ನನಗೆ ಮಾತ್ರ ಆ ಒಡೆದ ಹಿಮ್ಮಡಿ ಕಂಡ ದಿನದಿಂದಲೇ ಅವರ ಮೇಲೆ ಪ್ರೀತಿ ಹುಟ್ಟಿದ್ದು. ನೆಲ ತುಳಿದು ನಡೆದವರನ್ನೇ ಅಲ್ಲವೇ ನಾವು ಪ್ರೀತಿಸಲು ಸಾಧ್ಯ?

ಸರ್ಪ ಎಲ್ಲಿಂದ ಬಂತು ಅನ್ನುವುದು ನನಗೆ ತಿಳಿದದ್ದು ಸಂಜೆ, ಗದ್ದುಗೆಯ ಅಡುಗೆಮನೆಯಲ್ಲಿ. ಹುಗ್ಗಿ ಬೇಯಿಸುವ ಬಸವ್ವ ನನಗಿಂತ ಸ್ವಲ್ಪ ಚಿಕ್ಕವಳು, ನಾಲಿಗೆ ಮಾತ್ರ ನನಗಿಂತ ಉದ್ದ.

ಇಲ್ಲೊಂದು ಪದ್ಧತಿ ಇದೆ, ಹೇಳಲೇಬೇಕು. ಪುರಾಣ ಮುಗಿಯುವುದಕ್ಕೂ ಹುಗ್ಗಿ ಬೇಯುವುದಕ್ಕೂ ತಾಳ ಕೂಡಬೇಕು. ಮುಂಚೆಯೇ ಮುಗಿದರೆ ಜನ ಎದ್ದು ಗದ್ದಲ. ಆದ್ದರಿಂದ ಅಡುಗೆಮನೆ ಬಾಗಿಲಲ್ಲಿ ಬಸವ್ವ ಸೌಟು ಎತ್ತಿ ಹಿಡಿದರೆ 'ಇನ್ನೂ ಬೆಂದಿಲ್ಲ' ಅಂತ. ಇಳಿಸಿದರೆ 'ಮುಗಿಸಿ' ಅಂತ. ಸೌಟು ಮೇಲಿರುವಷ್ಟು ಹೊತ್ತೂ ಅರ್ಥ ಹೇಳುವವನು ಕಥೆಯನ್ನು ಹಿಗ್ಗಿಸುತ್ತಲೇ ಇರಬೇಕು.

"ಒಂದು ವರ್ಷ ಕಟ್ಟಿಗೆ ಹಸಿ ಇತ್ತು ನೋಡಕ್ಕ" ಅಂದಳು ಬಸವ್ವ, ಗೋಧಿ ತಿರುವುತ್ತಾ. "ಒಲೆ ಹತ್ತವಲ್ದು. ನಾನು ಸೌಟು ಇಳಿಸವಲ್ಲೆ. ಶೇಖರಪ್ಪ ಪಾಪ, ಇದ್ದಬದ್ದ ಕಥಿ ಎಲ್ಲಾ ಹೇಳಿ ಮುಗಿಸ್ದ. ಕೊನೀಗೆ ಬೆವರು ಒರೆಸ್ಕಂಡು, 'ಆ ಛತ್ರಿ ಹೆಂಗೆ ಕಾಣ್ತಿತ್ತಪ್ಪಾ ಅಂದ್ರೆ, ಏಳು ಹೆಡೆ ಸರ್ಪದ ಹಂಗೆ' ಅಂದ. ಜನ ಚಪ್ಪಾಳಿ ಹೊಡದ್ರು. ಮುಂದಿನ ವರ್ಷ ಸರ್ಪನೇ ಬಂತು."

"ಪಾರ್ವತಿ?"

"ಅದು ಗ್ಯಾಸ್ ಖಾಲಿ ಆಗಿದ್ದ ವರ್ಷ."

ನಕ್ಕು ನಕ್ಕು ನನ್ನ ಕನ್ನಡಕ ಜಾರಿತು. ಆಮೇಲೆ ಹೊಸ ಪ್ರಿಂಟ್ ಮಾಡಿಸುವಾಗ ಶೇಖರಪ್ಪನ ಮಾತುಗಳೆಲ್ಲ ಪದ್ಯವಾಗಿ ಪುರಾಣದ ಒಳಗೇ ಸೇರಿಕೊಂಡವಂತೆ. ಸುಳ್ಳು ಹೇಳಬೇಕು ಅಂತ ಯಾರೂ ಹೊರಟಿರಲಿಲ್ಲ. ಹಸಿ ಕಟ್ಟಿಗೆ, ಹಸಿದ ಜನ, ಒಂದು ಚಪ್ಪಾಳೆ. ತಾಳಗುಂದದ ಶಾಸನದ ಕಲ್ಲನ್ನು ನೋಡಿ, ಅಂದು ಕೆತ್ತಿದ್ದನ್ನೇ ಇಂದೂ ಹೇಳುತ್ತದೆ. ಕಲ್ಲಿಗೇನು, ಹುಗ್ಗಿ ಬೇಯುವ ತನಕ ಜನರನ್ನು ಕೂರಿಸಬೇಕಾದ ಕರ್ಮ ಇಲ್ಲವಲ್ಲ!

ಆದರೆ ನಗು ಬೇಗ ನಿಂತಿತು. ಮೂಲೆಯಲ್ಲಿ ಸವಿತಾ ಬೆಲ್ಲ ಕುಟ್ಟುತ್ತಾ ಕೂತಿದ್ದಳು. ಹೊರಗೆ ಮೈಕ್ ಟೆಸ್ಟಿಂಗ್. ಈ ವರ್ಷ ಪದ್ಯ ಓದುವುದು ಯಾರು ಗೊತ್ತೇ? ಪೆನ್‌ಡ್ರೈವ್. ಮೇಷ್ಟ್ರು ಹಿಂದೆ ಓದಿದ್ದನ್ನು ಯಾರೋ ರೆಕಾರ್ಡ್ ಮಾಡಿದ್ದರಂತೆ. ಅದನ್ನೇ ಹಾಕುವುದು. ಪೆನ್‌ಡ್ರೈವ್‌ಗೆ ಮುತ್ತೈದೆತನ ಬೇಕಿಲ್ಲ ನೋಡಿ.

"ಹೊರಗೆ ಗಂಡಸ್ರು ಎಲ್ಲಾ ಇರೋ ತನಕ ನಾನು ಒಳಗೇ ಇರ್ತೀನಿ ಬಿಡ್ರಿ ಆಂಟಿ" ಅಂದಳು. "ಆದ್ರೆ ಮಾವಾರು ದಿನಾ ರಾಗ ಹೇಳಿಸ್ತಾರೆ. ದನಿ ಇಲ್ಲ, ಬೆರಳಾಗೆ ತಾಳ ಹಾಕ್ತಾರೆ. ನಾನು ಓದ್ಲಿಲ್ಲಂದ್ರೆ ಈ ರಾಗ ಅವರ ಕೂಡ ಹೋಗ್ತದ್ರಿ."

ಸ್ಟೇಜ್ ಮೇಲೆ ನನಗೆ ಶಾಲು ಹೊದಿಸಿದರು. ನಾನೂ ವಿಧವೆಯೇ. ಆದರೆ ತಲೆ ಪೂರ್ತಿ ಬೆಳ್ಳಗಾದ ವಿಧವೆಗೆ ಯಾರೂ ಹೆದರುವುದಿಲ್ಲ. ಮೂವತ್ತರವಳನ್ನು ಕಂಡಾಗ ಮಾತ್ರ ಎಲ್ಲರಿಗೂ ಶಾಸ್ತ್ರ ನೆನಪಾಗುತ್ತದೆ. ಮೈಕ್ ಕೈಗೆ ಕೊಟ್ಟು ಶೇಖರಪ್ಪ, "ಒಂದೆರಡು ಮಾತು" ಅಂದ.

ಒಂದೆರಡೇ ಆಡಿದೆ. ಸರ್ಪದ ಸುದ್ದಿಗೆ ಹೋಗಲಿಲ್ಲ. ಹೆಂಚು ಸೋರಿದ್ದು, ಕಡ್ಡಿ ಮುರಿದ ಛತ್ರಿ, ಕೈ ಸೋತಾಗ ಅಜ್ಜ ಕೈ ಬದಲಾಯಿಸಿದ್ದು, ಇಷ್ಟನ್ನೇ ಹೇಳಿದೆ. "ಪಾರ್ವತಿಗೆ ಛತ್ರಿ ಯಾರಾದರೂ ಹಿಡೀತಾರೆ. ನಮ್ಮ ಗಂಗವ್ವನಿಗೆ ಹಿಡಿದದ್ದು ಅಜ್ಜ ಒಬ್ಬರೇ" ಅಂದೆ.

ಶೇಖರಪ್ಪ ಕೆಮ್ಮಿದ. "ಈಗ ಪುರಾಣ ಮುಂದುವರಿಸೋಣ. ಹಾಕ್ರಪ್ಪ."

ಏನೂ ಹಾಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ರುದ್ರಪ್ಪ ಮೇಷ್ಟ್ರು ಯಾವಾಗಲೋ ಎದ್ದು, ಮೈಕ್ ಸೆಟ್ ಹತ್ತಿರ ಹೋಗಿ, ಪೆನ್‌ಡ್ರೈವ್ ಕಿತ್ತು ಜುಬ್ಬದ ಜೇಬಿಗೆ ಹಾಕಿಕೊಂಡಿದ್ದರು. ಅವರದೇ ದನಿ, ಅವರದೇ ಜೇಬು. ಯಾರು ಕೇಳುವವರು? ಆಮೇಲೆ ಅಡುಗೆಮನೆಯ ಕಡೆ ನೋಡಿ ಬೆರಳಿನಲ್ಲಿ ತಾಳ ಹಾಕಿದರು.

ಸವಿತಾ ಬಂದಳು. ಕೈಯಲ್ಲಿ ಬೆಲ್ಲದ ಪುಡಿ ಇನ್ನೂ ಅಂಟಿತ್ತು. ನನಗೇನು ಹೊಳೆಯಿತೋ, ನನ್ನ ಹೂವಿನ ಪ್ರಿಂಟಿನ ಫೋಲ್ಡಿಂಗ್ ಛತ್ರಿ ತೆಗೆದು ಅವಳ ತಲೆಯ ಮೇಲೆ ಬಿಚ್ಚಿ ಹಿಡಿದೆ. ಮೇಲಿರುವುದು ಆರ್‌ಸಿಸಿ ತಾರಸಿ, ಒಂದು ಹನಿಯೂ ಸೋರುತ್ತಿರಲಿಲ್ಲ. ಸಿಲ್ಲಿ ಅನ್ನಿ ಬೇಕಾದರೆ.

ಹಿಂದಿನ ಸಾಲಿನಲ್ಲಿ ಕೆಲವರು ಎದ್ದು ನಿಂತು ಅಡುಗೆಮನೆ ಬಾಗಿಲು ನೋಡಿದರು. ಬಸವ್ವ ಸೌಟು ಎತ್ತಿ ಹಿಡಿದು ನಿಂತಿದ್ದಳು. ಎದ್ದವರು ಕೂತರು.

ಆಹಾ, ಏನು ಓದಿದಳು ಆ ಹುಡುಗಿ! ಮೊದಲ ಪದ್ಯದಲ್ಲಿ ನಡುಕ, ಎರಡನೆಯದರಲ್ಲಿ ಮೇಷ್ಟ್ರ ರಾಗ, ಆಮೇಲೆ ಅವಳದೇ. ನನಗೆ ಬಾಗಿಲ ಹಿಂದಿನ ಒಂದು ಗುನುಗು ಕೇಳಿದ ಹಾಗಾಯಿತು. (ಇದನ್ನು ಪವಾಡ ಅಂತ ಪ್ರಿಂಟ್ ಮಾಡಿಸಬೇಡಿ, ವಯಸ್ಸಿನ ಕಿವಿ.) ನನ್ನ ತೋಳು ಸೋತಾಗ ಛತ್ರಿಯನ್ನು ಎಡಗೈಗೆ ಬದಲಾಯಿಸಿದೆ. ಅಧ್ಯಾಯ ಮುಗಿಯುವ ತನಕ ಬಸವ್ವನ ಸೌಟು ಇಳಿಯಲಿಲ್ಲ. ಆಮೇಲೆ ತಿಂದು ನೋಡಿದರೆ, ಹುಗ್ಗಿ ತಳ ಹಿಡಿದಿತ್ತು. ಯಾವಾಗಲೋ ಬೆಂದು ಮುಗಿದಿತ್ತು, ಪಾಪ.

ಖುಷಿಯಿಂದ ಸೊರಬಕ್ಕೆ ಮರಳಿದೆ. ಎರಡು ದಿನವೂ ಕಳೆದಿರಲಿಲ್ಲ, ಪಕ್ಕದ ಮನೆಯ ಸರೋಜ ಕಾಂಪೌಂಡಿನಾಚೆಯಿಂದ ಕರೆದಳು.

"ಹೌದನಾ ಮಾರಾಯ್ತಿ, ನಿಮ್ಮೂರಲ್ಲಿ ಛತ್ರಿ ತನ್ನಷ್ಟಕ್ಕೇ ಬಿಚ್ಕಂಡ್ತಂತೆ? ನಮ್ಮ ನಾದಿನಿ ಫೋನ್ ಮಾಡಿದ್ದಳು."

"ಬಟನ್ ಒತ್ತಿದ್ದು ನಾನು ಕಣೇ. ಬಟನ್ ಛತ್ರಿ ಅದು!"

"ನೀವು ಹಂಗೇ ಹೇಳ್ತೀರಿ ಬಿಡಿ. ದೊಡ್ಡೋರು ಯಾವತ್ತೂ ಹೇಳ್ಕಳಲ್ಲ" ಅಂದು ಅವಳು ಕೈ ಮುಗಿದೇಬಿಟ್ಟಳು.

ಒಳಗೆ ಹೋಗಿ ಶೇಖರಪ್ಪನಿಗೆ ಫೋನ್ ಮಾಡಿದೆ.

"ಅತ್ತೆ, ನೂರು ವರ್ಷ ಆಯುಸ್ಸು ನಿಮಗೆ! ನಾನೇ ಮಾಡ್ಬೇಕು ಅಂತಿದ್ದೆ. ಮರೆತು ಬಿಟ್ಟು ಹೋದ್ರಲ್ಲ ನಿಮ್ಮ ಛತ್ರಿ, ಅದನ್ನ ಗದ್ದುಗೆ ಮ್ಯಾಲೇ ಇಟ್ಟೀವಿ. ಹೂವು ಏರಸ್ತಾರೆ ಜನ. ಏನ್ ಕಳೆ ಅತ್ತೆ ಆವತ್ತು! ಸವಿತಾನ ನಾಲಿಗೆ ಮ್ಯಾಲೆ ಸಾಕ್ಷಾತ್ ತಾಯಿನೇ ಬಂದು ಓದಿದ್ಲು."

ನೋಡಿ, ಮತ್ತೆ! ಚಿಕ್ಕಮ್ಮನನ್ನು ದೇವಿ ಮಾಡುವುದಕ್ಕಾದರೂ ಇವರಿಗೆ ವರ್ಷಗಟ್ಟಲೆ ಬೇಕಾಯಿತು. ಈ ಹುಡುಗಿಗೆ ಎರಡೇ ದಿನ. ನಮ್ಮ ಜನಕ್ಕೆ ಒಬ್ಬ ಹೆಂಗಸನ್ನು ಗರ್ಭಗುಡಿಯಲ್ಲಿ ಕೂರಿಸುವುದು ಎಷ್ಟು ಸುಲಭ, ಚಾಪೆಯ ಮೇಲೆ ಕೂರಿಸುವುದು ಎಷ್ಟು ಕಷ್ಟ!

"ಇವತ್ತು ಸಂಜೆ ಯಾರು ಓದ್ತಾರೆ ಶೇಖರಪ್ಪ?"

"ಇನ್ನೊಂದು ಪೆನ್‌ಡ್ರೈವ್ ಹುಡುಕ್ಸಿದೀನಿ ಅತ್ತೆ."

"ಯಾಕೆ? ಸವಿತಾ?"

ಅವನ ದನಿಯಲ್ಲಿ ನಿಜವಾದ ಭಕ್ತಿ ಇತ್ತು. "ಅಲ್ಲಾ ಅತ್ತೆ, ತಾಯಿ ದಿನಾ ಬರ್ತಾಳೇನ್ರಿ?"

"ಬರಲಿಕ್ಕಿಲ್ಲ ಶೇಖರಪ್ಪ. ಅವಳು ಬಾರದ ದಿನವಾದರೂ ಸವಿತಾ ಓದಲಿ."