ಅರ್ಲೀನ್ ಎತ್ತಿದ ಕೈ

ಬೆಳಿಗ್ಗೆ ರಾಕೆಟ್ಟು, ಮಧ್ಯಾಹ್ನ ಮೊಸಳೆ. ಹನ್ನೊಂದು ವರ್ಷದಿಂದ ನನ್ನ ಬಸ್ಸಿನ ದಿನಚರಿ ಇಷ್ಟೇ. ಬಾಹ್ಯಾಕಾಶ ಕೇಂದ್ರದಲ್ಲಿ ಕತ್ತೆತ್ತಿ ನೋಡಿ ನೋಡಿ ಸುಸ್ತಾದ ಪ್ರವಾಸಿಗರನ್ನು ಟೈಟಸ್‌ವಿಲ್ ದಾಟಿಸಿ, ಸೇಂಟ್ ಜಾನ್ಸ್ ನದಿಯ ಜೌಗಿಗೆ ತಂದು ಅರ್ಲೀನ್ ಪೆಟ್ವೇಯ ಕೈಗೆ ಒಪ್ಪಿಸುತ್ತಿದ್ದೆ. ಅವಳು ಅವರನ್ನು ಗಾಳಿದೋಣಿಗೆ ಹತ್ತಿಸಿ, ಕಿವಿಗೆ ಮುಚ್ಚಳ ಹಾಕಿಸಿ, ಬೆನ್ನ ಹಿಂದಿನ ದೊಡ್ಡ ಫ್ಯಾನು ತಿರುಗಿಸಿ ಹುಲ್ಲಿನ ಮೇಲೆ ತೇಲಿಸಿಕೊಂಡು ಹೋಗುತ್ತಿದ್ದಳು. ತಾನು ಮಾತ್ರ ಕಿವಿ ಮುಚ್ಚುತ್ತಿರಲಿಲ್ಲ.

"ಎಂಜಿನ್ನಿಗೆ ಕಾಯಿಲೆ ಬಂದ್ರೆ ಮೊದಲು ಗೊತ್ತಾಗೋದು ಕಿವಿಗೇ ಕಣೋ ಲೆಸ್ಟರ್" ಎನ್ನುವಳು. ಹಠಮಾರಿ ಹೆಂಗಸು.

ದೋಣಿಗೆ ಬರುವ ಮೊದಲು ಇಪ್ಪತ್ತೆರಡು ವರ್ಷ ಅವಳು ಅದೇ ಕೇಂದ್ರದಲ್ಲಿ ಕೌದಿ ಹೊಲಿದವಳು. ಆಕಾಶಕ್ಕೆ ಹೋಗಿಬರುವ ನೌಕೆಗೆ ಬಿಸಿ ತಾಗದಂತೆ ಹೊದಿಸುವ ಬಿಳಿ ಕೌದಿ. ನೌಕೆಗಳ ಕಾಲ ಮುಗಿದಾಗ ಹೊಲಿಯುವವರನ್ನೂ ಮನೆಗೆ ಕಳಿಸಿದರು. "ನನ್ನ ಹೊಲಿಗೆ ಚುಕ್ಕಿ ನೋಡ್ಕೊಂಡು ಬಂತು. ನಾನು ಮಯಾಮೀನೂ ನೋಡಿಲ್ಲ" ಎಂದು ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ ನಗುತ್ತಿದ್ದಳು.

ರಾಕೆಟ್ ಹಾರುವ ದಿನ ನದಿಯಲ್ಲಿ ಒಂದು ಪದ್ಧತಿಯಿದೆ. ಬೆಂಕಿ ಕಂಡ ಕೂಡಲೇ ಎಂಜಿನ್ ಆರಿಸಬೇಕು, ಯಾರೂ ಮಾತಾಡಬಾರದು. ಬೆಳಕು ಮೊದಲು, ಸದ್ದು ಆಮೇಲೆ. ಅರ್ಲೀನ್ ಒಂದು ಕೈ ಎತ್ತಿ ಕಣ್ಣು ಮುಚ್ಚುವಳು. ಕೊಕ್ಕರೆಗಳೂ ಕಾಯುತ್ತಿವೆಯೇನೋ ಅನ್ನಿಸುವಷ್ಟು ನಿಶ್ಶಬ್ದ. ಅವಳ ಕೈ ಇಳಿಯುವುದಕ್ಕೂ ಸದ್ದು ಬರುವುದಕ್ಕೂ ಕೂದಲೆಳೆಯ ಅಂತರ ಇರುತ್ತಿರಲಿಲ್ಲ. "ದಪ್ಪ ಬಟ್ಟೆ ಹರಿದ ಹಾಗೆ" ಎನ್ನುತ್ತಿದ್ದಳು ಆ ಸದ್ದಿಗೆ. ಅದಕ್ಕಿಂತ ಸರಿಯಾದ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ.

ಏಪ್ರಿಲ್‌ನಲ್ಲಿ ದೋಣಿಕಟ್ಟೆಯ ಯಜಮಾನ ನೆವಿನ್ ತಗಾದೆ ತೆಗೆದ. ಅರ್ಲೀನ್ ಕಿವಿ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ದೋಣಿಯ ಕೀಲಿ ಕೊಡಬೇಕು. ನನಗೆ ರೇಗಿತು.

"ಹದಿನೆಂಟು ಮೈಲಿ ಆಚೆ ಸದ್ದು ಹಿಡಿಯೋಳಿಗೆ ಯಾವ ಡಾಕ್ಟರ್ ಬೇಕಯ್ಯ?" ಎಂದೆ.

"ಸರಿ. ಶನಿವಾರ ರಾಕೆಟ್ ಇದೆ. ನಾನೇ ಬಂದು ನೋಡ್ತೀನಿ" ಎಂದ ನೆವಿನ್.

ಗೆದ್ದೆ ಅಂದುಕೊಂಡೆ. ಅರ್ಲೀನಳಿಗೆ ಹೇಳಿದಾಗ ಮಾತ್ರ ಅವಳು ನನ್ನ ತುಟಿಯನ್ನೇ ನೋಡುತ್ತಾ ಕೂತಿದ್ದಳು. "ನಿನ್ನ ಬಾಯಿಗೊಂದು ಹೊಲಿಗೆ ಹಾಕ್ಬೇಕಿತ್ತು" ಎಂದಳು.

ಶನಿವಾರ ಸಂಜೆ ನದಿ ಬತ್ತಿತ್ತು. ಎಂದಿನ ತಿರುವಿನಲ್ಲಿ ನೀರಿಲ್ಲದೆ, ಬಾಹ್ಯಾಕಾಶ ಕೇಂದ್ರದಿಂದ ಇನ್ನೂ ಮೂರು ಮೈಲಿ ದೂರ ಪಶ್ಚಿಮಕ್ಕೆ, ಆಳದ ಮಡುವಿಗೆ ಹೋದೆವು. ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತ್ತು. ಹತ್ತಿರದಲ್ಲೇ ಒಂದು ಗಂಡು ಮೊಸಳೆ ತೇಲುತ್ತಿತ್ತು. ಮರಗಳಾಚೆ ಬೆಂಕಿಯ ಚುಕ್ಕೆ ಎದ್ದಿತು. ಅವಳು ಎಂಜಿನ್ ಆರಿಸಿ ಕೈ ಎತ್ತಿದಳು, ಕಣ್ಣು ಮುಚ್ಚಿದಳು. ಬಿಳಿಯ ಎಳೆಯೊಂದು ಆಕಾಶದಲ್ಲಿ ನಿಧಾನವಾಗಿ ಬಾಗುತ್ತಾ ಹೋಯಿತು. ಎಲ್ಲರೂ ಯಾರದೋ ಕನಸಿನೊಳಗೆ ಕೂತವರಂತೆ ಕೂತಿದ್ದರು.

ಅವಳ ಕೈ ಇಳಿಯಿತು.

ಸದ್ದಿಲ್ಲ. ಎಲ್ಲೋ ಒಂದು ಮೀನು ನೆಗೆದದ್ದು ಕೇಳಿಸಿತು, ಅಷ್ಟೇ. ಅರ್ಲೀನ್ ಮಾತ್ರ ಕಣ್ಣು ಮುಚ್ಚಿಕೊಂಡೇ, ಏನನ್ನೋ ಆಲಿಸುವವಳಂತೆ ನಗುತ್ತಿದ್ದಳು. ನೆವಿನ್ ನನ್ನ ಮುಖ ನೋಡಿದ. ನನಗೆ ಆಗ ತಿಳಿಯಿತು. ಅವಳು ಎಣಿಸುತ್ತಿದ್ದಳು. ಇಷ್ಟು ದಿನವೂ ಬರೀ ಎಣಿಸಿಯೇ ಕೈ ಇಳಿಸುತ್ತಿದ್ದಳು. ಹಳೆಯ ತಿರುವಿಗೆ ತೊಂಬತ್ತು ಸೆಕೆಂಡು. ಈ ಮಡುವಿಗೆ ಇನ್ನೂ ಹದಿನೈದು ಸೇರಿಸಲು ಮರೆತಿದ್ದಳು.

ಅವಳು ಕಣ್ಣು ಬಿಟ್ಟಾಗಲೇ ಸದ್ದು ಬಂತು. ಮೊಸಳೆ ಕತ್ತೆತ್ತಿ ಅದಕ್ಕೆ ಉತ್ತರವಾಗಿ ಗುಟುರು ಹಾಕಿತು. ಅದರ ಬೆನ್ನ ಮೇಲೆ ನೀರಿನ ಹನಿಗಳು ಕಾದ ಹಂಚಿನ ಮೇಲಿನಂತೆ ಕುಣಿದವು. ಆ ಹನಿಗಳನ್ನು ನೋಡಿ ಸದ್ದು ಈಗಷ್ಟೇ ಬಂತೆಂದು ತಿಳಿದ ಅರ್ಲೀನ್ ತನ್ನ ಇಳಿದ ಕೈಯನ್ನು ನೋಡಿಕೊಂಡಳು. ಕೀಲಿ ಕಿತ್ತು ನೆವಿನ್‌ಗೆ ಚಾಚಿದಳು.

"ನಾಲ್ಕು ವರ್ಷ ಆಯ್ತು. ನಿಮ್ಮ ಯಾರ ದನೀನೂ ಸರಿಯಾಗಿ ಕೇಳಿಲ್ಲ" ಎಂದಳು. ನೆವಿನ್ ತಲೆ ತಗ್ಗಿಸಿ ಕೀಲಿ ತೆಗೆದುಕೊಂಡ.

ಅವಳು ದೋಣಿ ನಡೆಸುವ ಎತ್ತರದ ಸೀಟಿನಿಂದ ಕೆಳಗಿಳಿದು ಪ್ರವಾಸಿಗರ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಅವಳನ್ನು ಆ ಬೆಂಚಿಗೆ ತಂದು ಕೂರಿಸಿದವನು ನಾನೇ. ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಅದಿರಲಿ. ಇವತ್ತು ಹೇಗಿತ್ತು, ಹೇಳು."

ಅವಳಿಗೆ ತುಟಿ ಕಾಣುವಂತೆ ತಿರುಗಿ ನಿಧಾನವಾಗಿ ಹೇಳಿದೆ. "ದಪ್ಪ ಬಟ್ಟೆ ಹರಿದ ಹಾಗಿತ್ತು, ಅರ್ಲೀನ್. ಈ ತುದಿಯಿಂದ ಆ ತುದಿವರೆಗೂ."

"ಹಾಗಾದ್ರೆ ನಾನು ಹೊಲಿದದ್ದಲ್ಲ ಬಿಡು" ಎಂದಳು. ಆಮೇಲೆ ಜೀವನದಲ್ಲಿ ಮೊದಲ ಸಲ ಕಿವಿಮುಚ್ಚಳ ಎತ್ತಿ ಕಿವಿಗೆ ಹಾಕಿಕೊಂಡಳು.