‘ದೊರ’ ಎಂಬ ಪದಕ್ಕೆ ಹೆದರಿದವರು

ವಿಶಾಖಪಟ್ಟಣದ ನಮ್ಮ ಕಾರ್ಖಾನೆಯನ್ನು ಮಾರುತ್ತಾರೆಂಬ ಸುದ್ದಿ ಹಬ್ಬಿದಾಗ ಕಾರ್ಮಿಕರು ಗೇಟಿನ ಮುಂದೆ ಹಾಡತೊಡಗಿದರು. ಘೋಷಣೆ ಕೂಗಿದಾಗ ಕಿವುಡರಂತಿದ್ದ ಆಡಳಿತದವರು ಹಾಡಿಗೆ ಬೆದರಿದರು. ಟೌನ್‌ಶಿಪ್ಪಿನ ಸಭಾಂಗಣದಲ್ಲಿ ಯಾರೇ ಹಾಡುವುದಿದ್ದರೂ ಸಾಹಿತ್ಯವನ್ನು ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕೆಂದು ಸುತ್ತೋಲೆ ಬಂತು. ಪರಿಶೀಲನೆಗೆ ಮೂವರ ಸಮಿತಿ. ಶಾಲೆ ಬಿಟ್ಟ ಮೇಲೆ ಒಂದು ಪದ್ಯವನ್ನೂ ಓದದ, ಧಾರವಾಡದಿಂದ ಬಂದ ಎಂಜಿನಿಯರ್ ನಾನೂ ಅದರಲ್ಲಿದ್ದೆ. ಒಲ್ಲೆ ಎನ್ನಲಿಲ್ಲ. ಆ ಹೇಡಿತನ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಸಮಿತಿಯ ಮುಖ್ಯಸ್ಥ ಸಿಬ್ಬಂದಿ ವಿಭಾಗದ ಅಧಿಕಾರಿ, ನಮ್ಮ ಕಡೆಯವನೇ. ಆಯುಧಪೂಜೆಗೂ ಟೈ ಕಟ್ಟಿಕೊಂಡು ಬರುವ ಆಸಾಮಿ.

ವಿಜಯವಾಡದವಳಾದ ನನ್ನ ಹೆಂಡತಿ ಟೌನ್‌ಶಿಪ್ಪಿನ ಹೆಂಗಸರಿಗೆ ಹಾಡು ಕಲಿಸುತ್ತಿದ್ದಳು. ಅವಳಜ್ಜಿ ಭತ್ತ ಕುಟ್ಟುವಾಗ ಹೇಳುತ್ತಿದ್ದ ತೆಲುಗು ಹಾಡೊಂದನ್ನು ಸಭಾಂಗಣದ ಕಾರ್ಯಕ್ರಮಕ್ಕೆಂದು ಬರೆದು ಸಮಿತಿಗೆ ಕೊಟ್ಟಳು. ಅಧಿಕಾರಿ ‘ದೊರ’ ಎಂಬ ಪದ ಬಂದಲ್ಲೆಲ್ಲ ಕೆಂಪು ಗೆರೆ ಎಳೆದ.

“ದೊರ ಅಂದ್ರ ಒಡೆಯ ಅಲ್ರೀ? ಒಡೆಯ ಅಂದ್ರ ಯಾರು? ಮ್ಯಾನೇಜ್‌ಮೆಂಟ್!”

“ಸರ್, ಅದು ಅಜ್ಜಿ ಕಾಲದ ಹಾಡು.”

“ಅಜ್ಜಿ ಕಾಲದಿಂದ ಬೈಯಾಕತ್ತಾರ ಅಂದ್ರ ಇನ್ನೂ ಡೇಂಜರ್. ಸೈನ್ ಮಾಡ್ರಿ.”

ಮಾಡಿದೆ.

ಮನೆಯಲ್ಲಿ ಹಾಳೆ ನೋಡಿದ ಹೆಂಡತಿ ಕೇಳಿದಳು: “ಏಮಂಡಿ, ಒಂದು ಪದ ತೆಗೆಯೋಕೆ ಮೂರು ಗಂಡಸರು ಸಹಿ ಹಾಕಿದ್ರಾ?”

ಕಾರ್ಯಕ್ರಮದ ದಿನ ಅವಳು ಒನಕೆ ಹಿಡಿದು ವೇದಿಕೆಗೆ ಬಂದಳು. ಗೆರೆ ಎಳೆದ ಪದ ಬಂದಾಗ ಹಾಡು ನಿಲ್ಲಿಸಿ ಒನಕೆಯಿಂದ ವೇದಿಕೆಯ ಹಲಗೆಗೆ ಒಂದು ಏಟು ಕೊಟ್ಟಳು. ಎರಡನೇ ಚರಣಕ್ಕೆ ಹೆಂಗಸರು ಮುಸಿಮುಸಿ ನಕ್ಕರು. ಮೂರನೆಯದಕ್ಕೆ, ಏಟು ಬಿದ್ದ ಕಡೆಯೆಲ್ಲ, ಸಭಾಂಗಣವೇ “ದೊರಾ!” ಎಂದು ಕೂಗಿತು. ಅಧಿಕಾರಿ ಮೈಕ್ ಬಂದ್ ಮಾಡಿಸಿದ. ಒನಕೆಗೆ ಮೈಕ್ ಯಾಕೆ? ಅವನು “ಸ್ಟಾಪ್, ಸ್ಟಾಪ್” ಎನ್ನುತ್ತ ಸಾಲುಗಳ ನಡುವೆ ಓಡಾಡಿದ. ಯಾರೂ ತಿರುಗಿಯೂ ನೋಡಲಿಲ್ಲ.

ಮರುವಾರ ಅವಳ ಹಾಡಿನ ತರಗತಿಗೆ ಬೀಗ ಬಿತ್ತು. ಆಗ ನಾನು ಸಮಿತಿ ಬಿಟ್ಟೆ. ಅಷ್ಟು ತಡವಾಗಿ ಬಂದ ಧೈರ್ಯಕ್ಕೆ ಯಾರೂ ಬೆನ್ನು ತಟ್ಟಬೇಕಾಗಿಲ್ಲ. ಅವಳೀಗ ಶನಿವಾರ ರೈಲು ಹತ್ತಿ ವಿಜಯವಾಡಕ್ಕೆ ಹೋಗಿ, ಒನ್ ಟೌನ್ ಪೇಟೆಯಲ್ಲಿರುವ ಅಣ್ಣನ ಬಟ್ಟೆ ಅಂಗಡಿಯ ಮಹಡಿಯಲ್ಲಿ ಕಲಿಸುತ್ತಾಳೆ. ಕೆಳಗೆ ಗಂಟು ಹೊರುವ ಹೆಂಗಸರೂ ಬಂದು ಕೂರುತ್ತಾರೆ.

ಕಳೆದ ತಿಂಗಳು ಅಧಿಕಾರಿಗೆ ಬಡ್ತಿ ಸಿಕ್ಕಿ ವರ್ಗವಾಯಿತು. ನಾಚಿಕೆಯಿಲ್ಲದೆ ಅವಳಿಗೇ ಫೋನ್ ಮಾಡಿದ: “ಮೇಡಂ, ಬೀಳ್ಕೊಡುಗೆಗೆ ಒಂದು ಭಕ್ತಿಗೀತೆ ಹಾಡ್ರಿ.”

“ನಿಮಗೋಸ್ಕರ ಹಾಡೋಕೆ ಇಷ್ಟ ಇಲ್ಲಂಡಿ,” ಎಂದು ಫೋನ್ ಇಟ್ಟಳು.

ಸಮಾರಂಭದಲ್ಲಿ ರೆಕಾರ್ಡ್ ಹಾಕಿದರಂತೆ. ಅದಕ್ಕೂ ಅವನು ತಾಳ ತಪ್ಪಿ ಚಪ್ಪಾಳೆ ತಟ್ಟಿದನಂತೆ.